ಕಾರಿನ ಮುಂದಿನ ಗಾಜಿಗೆ ಕಪ್ಪು ಅಂಚು ನಾವೇ ಬಳಿಯಬಹುದಾ?

ಓದುಗರ ಪ್ರಶ್ನೆ: ನನ್ನದು ಹಳೇ ಕಾರು. ಮುಂದಿನ ಗಾಜು ಸೀಳಿದೆ, ಕಂಪನಿ ಗಾಜು ಸಿಗುತ್ತಿಲ್ಲ. ಅಳತೆಗೆ ಮಾಡಿಸಿದ ಗಾಜು ಸಿಗುತ್ತದೆ, ಆದರೆ ಅದರ ಸುತ್ತ ಕಪ್ಪು ಪಟ್ಟಿ ಇಲ್ಲ. ಕೂರಿಸುವ ಮೊದಲು ಸ್ಪ್ರೇ ಪೇಂಟ್ ಹೊಡೆದರೆ ಸಾಕಾ?

ಸ್ಪ್ರೇ ಪೇಂಟ್ ಬೇಡವೇ ಬೇಡ. ಕಪ್ಪು ಅಂಚನ್ನು ಬೇರೆ ರೀತಿಯಲ್ಲಿ ಮಾಡಬಹುದು. ಅದಕ್ಕೂ ಮೊದಲು ಒಂದು ವಿಷಯ ನೋಡಿಕೊಳ್ಳಿ: ನಿಮ್ಮ ಕಾರಿನಲ್ಲಿ ಗಾಜು ಯಾವುದರ ಮೇಲೆ ನಿಂತಿದೆ? ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಇರುವಂತೆ ದಪ್ಪ ರಬ್ಬರ್ ಬೀಡಿಂಗ್ ಹಿಡಿದುಕೊಂಡಿದ್ದರೆ ಕಪ್ಪು ಅಂಚೇ ಬೇಕಿಲ್ಲ. ಗಾಜಿನ ಅಂಚು ರಬ್ಬರ್ ಒಳಗೇ ಮುಚ್ಚಿಹೋಗುತ್ತದೆ. ಸುಮ್ನೆ ಖರ್ಚು ಮಾಡಬೇಡಿ.

ಗಾಜನ್ನು ಕಾರಿನ ಬಾಡಿಯ ಅಂಚಿಗೆ ನೇರವಾಗಿ ಅಂಟಿಸಿದ್ದರೆ ಮಾತು ಬೇರೆ. ಅಲ್ಲಿ ಬಳಸುವ ಅಂಟು ಪಾಲಿಯುರೇಥೇನ್, ಚಿಕ್ಕದಾಗಿ ಯುರೇಥೇನ್. ತುಂಬಾ ಗಟ್ಟಿ, ಆದರೆ ಬಿಸಿಲಿನ ಅತಿನೇರಳೆ ಕಿರಣ ಅದಕ್ಕೆ ಆಗದು. ಗಾಜಿನ ಮೂಲಕ ದಿನಾ ಬಿಸಿಲು ಬಿದ್ದರೆ ಅಂಟಿನ ಮೇಲ್ಪದರ ಹಾಳಾಗಿ, ವರ್ಷಗಳು ಕಳೆದಂತೆ ಗಾಜಿನಿಂದ ಬಿಡಿಸಿಕೊಳ್ಳುತ್ತದೆ. ಆ ಕಪ್ಪು ಪಟ್ಟಿ ಅಂಟಿಗೆ ಕೊಡೆ ಇದ್ದಂತೆ. ಅಂಟಿನ ಗೆರೆ ಹೊರಗಿನಿಂದ ಕಾಣದ ಹಾಗೆ ಮುಚ್ಚುವುದೂ ಅದೇ. ಇದು ಬರೀ ನೀರು ಸೋರುವ ವಿಷಯವಲ್ಲ. ಅನೇಕ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಈ ಗಾಜಿಗೇ ಒರಗುತ್ತದೆ. ಆ ಹೊತ್ತಿನಲ್ಲಿ ಗಾಜು ಕಿತ್ತುಬರಬಾರದು, ಅಲ್ವಾ?

ಕಾರ್ಖಾನೆಯಲ್ಲಿ ಇದಕ್ಕೆ ಹಚ್ಚುವುದು ಪಿಂಗಾಣಿ ಜಾತಿಯ ಕಪ್ಪು ಎನಾಮೆಲ್. ಇದರ ಹೆಸರು ಫ್ರಿಟ್. ಅದನ್ನು ಗಾಜಿನ ಮೇಲೆ ಅಚ್ಚು ಹಾಕಿ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಸುಡುತ್ತಾರೆ. ಆಗ ಅದು ಗಾಜಿನೊಂದಿಗೇ ಬೆಸೆದುಕೊಳ್ಳುತ್ತದೆ. ಮನೆಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಇದು ಆಗುವ ಕೆಲಸವಲ್ಲ. ಸಿದ್ಧವಾದ ಮುಂದಿನ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಅಷ್ಟು ಶಾಖಕ್ಕೆ ಅದು ಉಳಿಯುವುದಿಲ್ಲ.

ಹಾಗಾದರೆ ಸ್ಪ್ರೇ ಪೇಂಟ್ ಯಾಕೆ ಬೇಡ? ಅಂಟು ಹಿಡಿಯುವುದು ಪೇಂಟನ್ನು, ಗಾಜನ್ನಲ್ಲ. ಆ ಪೇಂಟ್ ಗಾಜಿಗೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ನೀವೇ ನೋಡಬಹುದು. ಬೇಡದ ಗಾಜಿನ ಚೂರಿಗೆ ಹೊಡೆದು, ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯಿರಿ. ಸಿಪ್ಪೆಯಂತೆ ಏಳುತ್ತದೆ. ಇಡೀ ಗಾಜು ಆ ಸಿಪ್ಪೆಯ ಮೇಲೆ ನಿಲ್ಲಬೇಕಾಗುತ್ತದೆ.

ಇದಕ್ಕೆಂದೇ ಗಾಜಿನ ಕಪ್ಪು ಪ್ರೈಮರ್ (ಅಂಟಿಗೆ ಮೊದಲು ಹಚ್ಚುವ ತಳಪದರ) ಸಿಗುತ್ತದೆ. ಯುರೇಥೇನ್ ಅಂಟು ಯಾವ ಕಂಪನಿಯದೋ ಪ್ರೈಮರ್ ಕೂಡ ಅದೇ ಕಂಪನಿಯದು ತನ್ನಿ, ಒಂದಕ್ಕೊಂದು ಹೊಂದುವಂತೆ ಮಾಡಿರುತ್ತಾರೆ. ಅಂಚಿನಲ್ಲಿ ಫ್ರಿಟ್ ಇಲ್ಲದ ಗಾಜಿಗೆ ಆಗುತ್ತದೆಯೇ, ಬಿಸಿಲು ತಡೆಯುತ್ತದೆಯೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ.

ಮೊದಲು ಅಂಟಿಲ್ಲದೆ ಗಾಜನ್ನು ಜಾಗದಲ್ಲಿಟ್ಟು ನೋಡಿ. ಕಾರಿನೊಳಗೆ ಕೂತು, ಬಾಡಿಯ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿ ಗುರುತು ಹಾಕಿ. ಗುರುತಿನ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿದರೆ ಪಟ್ಟಿ ಒಂದೇ ಅಗಲ ಬರುತ್ತದೆ. ಅಂಟು ಬೀಳುವ ಜಾಗಕ್ಕಿಂತ ಪಟ್ಟಿ ಸ್ವಲ್ಪ ಜಾಸ್ತಿ ಅಗಲ ಇರಲಿ, ನೋಟಕ್ಕೆ ಅಡ್ಡ ಬರುವಷ್ಟು ಬೇಡ. ಪ್ರೈಮರ್ ಹಚ್ಚುವುದು ಗಾಜಿನ ಒಳಮೈಗೆ. ಆ ಜಾಗವನ್ನು ಚೆನ್ನಾಗಿ ಒರೆಸಿದ ಮೇಲೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡು ಸಾಕು ಕೆಲಸ ಕೆಡಿಸಲು. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಒಂದೇ ದಿಕ್ಕಿನಲ್ಲಿ, ಎಲ್ಲೂ ತೆಳುವಾಗದಂತೆ ಎಳೆಯಿರಿ. ಹೇಳಿದಷ್ಟು ಹೊತ್ತು ಒಣಗಿದ ಮೇಲೇ ಅಂಟು.

ಬಾಡಿಯ ಅಂಚಿನಲ್ಲಿ ಹಳೇ ಅಂಟು ಕೆರೆಯುವಾಗ ಪೇಂಟ್ ಎದ್ದಿದ್ದರೆ ಅಲ್ಲಿಗೆ ಲೋಹದ ಪ್ರೈಮರ್ ಹಚ್ಚಿ. ಕರಾವಳಿ, ಮಲೆನಾಡಿನವರು ಇದನ್ನು ಮರೆಯಲೇಬಾರದು, ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಗಾಜು ಕೂರಿಸಿದ ತಕ್ಷಣ ಗಾಡಿ ಹೊರಡಿಸಬೇಡಿ. ಸಾಮಾನ್ಯವಾಗಿ ಬಳಸುವ ಯುರೇಥೇನ್ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಒಣ ಹವೆಯಲ್ಲಿ, ಚಳಿಯಲ್ಲಿ ಜಾಸ್ತಿ ಹೊತ್ತು ಬೇಕು. ಎಷ್ಟು ಹೊತ್ತು ಕಾಯಬೇಕೆಂದು ಅಂಟಿನ ಟ್ಯೂಬಿನ ಮೇಲೆ ಬರೆದಿರುತ್ತದೆ. ಅಲ್ಲಿಯವರೆಗೆ ಪಕ್ಕದ ಒಂದು ಗಾಜನ್ನು ಸ್ವಲ್ಪ ಇಳಿಸಿಡಿ. ಎಲ್ಲಾ ಮುಚ್ಚಿಕೊಂಡು ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿ ಹೊಸ ಗಾಜನ್ನು ಹೊರಗೆ ತಳ್ಳುತ್ತದೆ.