ಲೆಕ್ಸಿಂಗ್ಟನ್‌ನ ಕಲ್ಲುಕಂಬ ಮತ್ತು ಎಂಟು ಹೆಸರುಗಳು

ಅಮೆರಿಕದ ಬೋಸ್ಟನ್ ಹತ್ತಿರ ಲೆಕ್ಸಿಂಗ್ಟನ್ ಅನ್ನೋ ಊರಿದೆ. ಊರ ನಡುವಿನ ಹುಲ್ಲುಬಯಲಿನ ದಿಬ್ಬದ ಮೇಲೆ ಒಂದು ಗ್ರಾನೈಟ್ ಕಂಬ. ನಿಲ್ಲಿಸಿದ್ದು 1799ರ ಜುಲೈ 4ರಂದು. ಆ ದೇಶದ ತೀರಾ ಹಳೆಯ ಯುದ್ಧ ಸ್ಮಾರಕಗಳಲ್ಲಿ ಇದೂ ಒಂದು. ಇದರ ಮೇಲೆ ಎಂಟು ಹೆಸರುಗಳಿವೆ. ಆ ಎಂಟು ಜನ ಸಾಯುವಾಗ ನಿಜಕ್ಕೂ ಏನು ಮಾಡುತ್ತಿದ್ದರು ಎಂಬ ಬಗ್ಗೆ ಜಗಳ ಬಹಳ ಕಾಲ ನಡೆಯಿತು.

1775ರ ಏಪ್ರಿಲ್ 19, ಬೆಳಗಿನ ಜಾವ. ಅಮೆರಿಕದ ಈ ಭಾಗ ಆಗ ಬ್ರಿಟಿಷರ ವಸಾಹತು, ಆಳುವವರ ಮೇಲೆ ಜನ ತಿರುಗಿಬೀಳುತ್ತಿದ್ದ ಕಾಲ. ಕಾಂಕರ್ಡ್ ಊರಲ್ಲಿ ಅವರು ಬಚ್ಚಿಟ್ಟಿದ್ದ ಮದ್ದುಗುಂಡು ನಾಶ ಮಾಡಲು ಬ್ರಿಟಿಷ್ ಪಡೆ ಹೊರಟಿತ್ತು. ದಾರಿಯಲ್ಲಿ ಸಿಗುವ ಊರೇ ಲೆಕ್ಸಿಂಗ್ಟನ್. ಅಲ್ಲಿ ಕ್ಯಾಪ್ಟನ್ ಜಾನ್ ಪಾರ್ಕರ್ ಜೊತೆ ಊರಿನ ಸ್ವಯಂಪಡೆಯ ಸುಮಾರು 77 ಮಂದಿ ನಿಂತಿದ್ದರು. ಎದುರಿನ ಪಡೆ ನೋಡಿದ ಪಾರ್ಕರ್, ಚದುರಿ ಹೋಗಿ ಎಂದ. ಅಷ್ಟರಲ್ಲಿ ಗುಂಡು ಹಾರಿತು. ಮೊದಲು ಹಾರಿಸಿದ್ದು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಸತ್ತವರಲ್ಲಿ ಏಳು ಜನ ಲೆಕ್ಸಿಂಗ್ಟನ್‌ನವರು. ಎಂಟನೆಯವ ವೋಬರ್ನ್ ಊರಿನ ಅಸಾಹೆಲ್ ಪೋರ್ಟರ್. ಅವನ ಕೈಯಲ್ಲಿ ಕೋವಿಯೇ ಇರಲಿಲ್ಲ. ಬ್ರಿಟಿಷರು ದಾರಿಯಲ್ಲಿ ಹಿಡಿದಿಟ್ಟುಕೊಂಡಿದ್ದರು, ತಪ್ಪಿಸಿಕೊಳ್ಳುವಾಗ ಗುಂಡು ತಗುಲಿತು. ಊರಿನ ಏಳೂ ಜನರನ್ನು ಒರಟು ಹಲಗೆಯ ಪೆಟ್ಟಿಗೆಗಳಲ್ಲಿಟ್ಟು ಒಂದೇ ಗುಂಡಿಯಲ್ಲಿ ಹೂಳಿದರು. ಬ್ರಿಟಿಷರ ಕಣ್ಣಿಗೆ ಬೀಳದಿರಲಿ ಅಂತ ಮೇಲೆ ಮರದ ಕೊಂಬೆಗಳನ್ನು ಹರಡಿದರು. ಊರಿನ ಪಾದ್ರಿ ಜೋನಸ್ ಕ್ಲಾರ್ಕ್ ಅವರ ಮಗಳು ಬಾಲ್ಯದಲ್ಲಿ ಕಂಡ ಇದನ್ನೆಲ್ಲ ಮುಪ್ಪಿನಲ್ಲಿ ಪತ್ರದಲ್ಲಿ ಬರೆದಿಟ್ಟಿದ್ದಾಳೆ.

ಕಂಬದ ಮೇಲಿನ ಬರಹ ಅದೇ ಕ್ಲಾರ್ಕ್ ಅವರದ್ದು. ಬ್ರಿಟಿಷರ ದಬ್ಬಾಳಿಕೆಗೆ ಮೊದಲು ಬಲಿಯಾದವರು ಇವರು ಎನ್ನುತ್ತದೆ ಅದು. 1775ರಲ್ಲಿ ಊರವರು ಕೊಟ್ಟ ಹೇಳಿಕೆಗಳ ದನಿಯೂ ಇದೇ. ನಾವು ಕೆಣಕಲೇ ಇಲ್ಲ, ಅವರೇ ನುಗ್ಗಿ ಕೊಂದರು ಅಂತ ಪಾರ್ಕರ್ ಪ್ರಮಾಣ ಮಾಡಿ ಹೇಳಿದ್ದ. ಆಗ ಲಂಡನ್ನಿನ ಜನರಿಗೆ ತಾವು ನಿರಪರಾಧಿಗಳೆಂದು ತೋರಿಸಬೇಕಿತ್ತು. ಆ ವರ್ಷವೇ ಏಮೋಸ್ ಡೂಲಿಟಲ್ ಅಚ್ಚುಹಾಕಿದ ಚಿತ್ರದಲ್ಲೂ ಊರವರು ಚದುರಿ ಓಡುತ್ತಿದ್ದಾರೆ.

ಐವತ್ತು ವರ್ಷ ಕಳೆಯುವಷ್ಟರಲ್ಲಿ ಕಾಲ ಬದಲಾಗಿತ್ತು. ಈಗ ಬೇಕಿದ್ದದ್ದು ಶೌರ್ಯದ ಕಥೆ. 1775ರ ಅದೇ ದಿನ, ಲೆಕ್ಸಿಂಗ್ಟನ್ ಆದಮೇಲೆ, ಕಾಂಕರ್ಡ್‌ನಲ್ಲೂ ಕಾದಾಟ ನಡೆದಿತ್ತು. 1824ರಲ್ಲಿ, ಆ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ್ದ ಫ್ರಾನ್ಸ್‌ನ ಸೇನಾನಿ ಲಾಫಯೆಟ್ ಬಂದಾಗ, ಬ್ರಿಟಿಷರನ್ನು ಮೊದಲು ಎದುರಿಸಿದ್ದು ನಮ್ಮ ನೆಲದಲ್ಲಿ ಎಂದಿತು ಕಾಂಕರ್ಡ್. ಲೆಕ್ಸಿಂಗ್ಟನ್‌ಗೆ ಸಿಟ್ಟು ಬಂತು. ಬದುಕುಳಿದಿದ್ದ ಮುದುಕರಿಂದ ಹೊಸ ಹೇಳಿಕೆ ಬರೆಸಿ 1825ರಲ್ಲಿ ಪುಸ್ತಕವನ್ನೇ ತಂದರು. ನಾವೂ ತಿರುಗಿ ಗುಂಡು ಹಾರಿಸಿದೆವು ಎನ್ನುತ್ತವೆ ಆ ಹೇಳಿಕೆಗಳು. ಎರಡೂ ಸಲ ಜನ ಪೂರ್ತಿ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಆ ಗಲಾಟೆಯಲ್ಲಿ ಕೆಲವರು ಓಡಿದರು, ಕೆಲವರು ಹಾರಿಸಿದರು. ಯಾವುದನ್ನು ಜೋರಾಗಿ ಹೇಳಬೇಕು ಅನ್ನೋದು ಆಯಾ ಕಾಲದ ಅಗತ್ಯವಾಗಿತ್ತು, ಅಲ್ವಾ?

1835ರಲ್ಲಿ ಹಳೆ ಗುಂಡಿ ತೋಡಿ ಮೂಳೆಗಳನ್ನು ಕಂಬದ ಬಳಿಗೆ ತಂದರು. ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಭಾಷಣ ಮಾಡಿದರು. ಮರುವರ್ಷ ಕಾಂಕರ್ಡ್ ತನ್ನದೇ ಕಂಬ ನಿಲ್ಲಿಸಿ, ಮೊದಲ ಪ್ರತಿರೋಧ ಇಲ್ಲೇ ಅಂತ ಕೆತ್ತಿಸಿತು! 1894ರಲ್ಲಿ ಈ ಊರುಗಳಿರುವ ಮ್ಯಾಸಚೂಸೆಟ್ಸ್ ರಾಜ್ಯ ಏಪ್ರಿಲ್ 19ಕ್ಕೆ ರಜೆ ಕೊಟ್ಟಾಗಲೂ ದಿನಕ್ಕೆ ತಂತಮ್ಮ ಊರಿನ ಹೆಸರೇ ಇರಲಿ ಎಂದು ಎರಡೂ ಊರು ಹಟ ಹಿಡಿದವು. ಕೊನೆಗೆ ಗವರ್ನರ್ ಅದನ್ನು 'ದೇಶಪ್ರೇಮಿಗಳ ದಿನ' ಎಂದು ಕರೆದು ಮುಗಿಸಿದರು.

ಇಷ್ಟೆಲ್ಲ ವಾದದಲ್ಲಿ ಒಬ್ಬನ ಹೆಸರು ಹಿಂದೆ ಉಳಿಯಿತು. ಪ್ರಿನ್ಸ್ ಎಸ್ಟಬ್ರೂಕ್ ಕಪ್ಪು ಜನಾಂಗದವನು, ಆಗ ಗುಲಾಮ. ಅವತ್ತು ಅವನೂ ಸಾಲಿನಲ್ಲಿ ನಿಂತಿದ್ದ, ಗಾಯಗೊಂಡ. ಬದುಕಿ ಉಳಿದದ್ದರಿಂದ ಕಂಬದ ಮೇಲೆ ಅವನ ಹೆಸರಿಲ್ಲ, ಅದು ಸರಿಯೇ. ಆದರೆ ಸ್ವಾತಂತ್ರ್ಯಕ್ಕೆ ಅರ್ಪಿಸಿದ ಕಲ್ಲಿನ ಪಕ್ಕದಲ್ಲಿ ಅವನ ನೆನಪಿಗೆ ಇಷ್ಟು ತಡವಾಗಬಾರದಿತ್ತು. 2008ರಲ್ಲಿ ಬಯಲಿನ ಎದುರಿಗಿರುವ ಬಕ್‌ಮನ್ ಟ್ಯಾವರ್ನ್ ಎಂಬ ಹಳೆಯ ಹೋಟೆಲಿನ ಕಟ್ಟಡದ ಮುಂದೆ ಎಸ್ಟಬ್ರೂಕ್‌ಗೆ ಪ್ರತ್ಯೇಕ ಸ್ಮಾರಕ ಇಟ್ಟರು.