ನವನಗರದ ಕರಿಬೇವಿಗೆ ಹಳೇ ಊರಿನ ಘಮ ಯಾಕಿಲ್ಲ?

ಪ್ರಶ್ನೆ: ಹಳೇ ಬಾಗಲಕೋಟೆಯ ನಮ್ಮ ಮನೆ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಇತ್ತು. ಎರಡು ಎಸಳು ಒಗ್ಗರಣೆಗೆ ಹಾಕಿದರೆ ಓಣಿ ತುಂಬ ವಾಸನೆ. ಆಲಮಟ್ಟಿ ಹಿನ್ನೀರಿಗೆ ಮನೆ ಹೋಯಿತು, ನವನಗರಕ್ಕೆ ಬಂದೆವು. ಇಲ್ಲಿ ನರ್ಸರಿಯಿಂದ ತಂದು ಹಚ್ಚಿದ ಗಿಡ ಆಳೆತ್ತರ ಬೆಳೆದಿದೆ, ಎಲೆಗಳೂ ದೊಡ್ಡವು. ಆದರೆ ಮುಷ್ಟಿಗಟ್ಟಲೆ ಹಾಕಿದರೂ ಆ ಘಮ ಬರುವುದಿಲ್ಲ. ಇದು ಮಣ್ಣಿನ ದೋಷವೇ? ಯಾವ ಗೊಬ್ಬರ ಹಾಕಬೇಕು?

ಉತ್ತರ: ಜಮಖಂಡಿ, ಗೋಕಾಕ, ವಿಜಯಪುರ ಕಡೆಯವರೂ ಇದನ್ನೇ ಕೇಳುತ್ತಿರುತ್ತಾರೆ. ಎಲ್ಲರೂ ಮೊದಲು ದೂರುವುದು ಮಣ್ಣನ್ನು. ನಾನು ಹೇಳುವುದು ಇಷ್ಟೇ: ಮೊದಲು ಗಿಡ ಯಾವ ತಾಯಿಯದು ಎಂದು ನೋಡಿ. ಮಣ್ಣು, ಗೊಬ್ಬರ ಎಲ್ಲ ಆಮೇಲೆ.

ವಿಜಯಪುರದ ನಮ್ಮ ಹಿತ್ತಲಲ್ಲಿ ಎರಡು ಕರಿಬೇವಿನ ಗಿಡ ಇವೆ. ನಡುವೆ ಹತ್ತು ಅಡಿ ಜಾಗ. ಅದೇ ಎರೆ ಮಣ್ಣು, ಅದೇ ಪೈಪಿನ ನೀರು. ಒಂದರ ಎಲೆ ಹೊಸಕಿದರೆ ಮೆಣಸು ಕುಟ್ಟಿದ ಹಾಗೆ ಗಾಟು ವಾಸನೆ. ಇನ್ನೊಂದರದು ತೆಳು, ಹಸಿ ಕಟ್ಟಿಗೆ ಸೀಳಿದ ಹಾಗೆ. ನಮ್ಮವ್ವ ಎರಡನೆಯದನ್ನು ಮಜ್ಜಿಗೆಗೆ ಮಾತ್ರ ಹರಿಯುತ್ತಾಳೆ. ಶೇಂಗಾ ಹಿಂಡಿಗೆ, ಚುರುಮುರಿ ಒಗ್ಗರಣೆಗೆ ಮೊದಲನೆಯದೇ ಆಗಬೇಕು. ಮಣ್ಣೇ ಕಾರಣ ಆಗಿದ್ದರೆ ಎರಡೂ ಒಂದೇ ಥರ ಇರಬೇಕಿತ್ತು, ಅಲ್ವಾ?

ಹೆಸರಲ್ಲಿ ಬೇವು ಇದ್ದರೂ ಕರಿಬೇವು ಬೇವಿನ ಕುಟುಂಬದ್ದಲ್ಲ. ಎಲೆಯ ರೂಪ ಹಾಗಿದೆ, ಅಷ್ಟೆ. ಇದು ನಿಂಬೆ, ಕಿತ್ತಳೆ, ಬಿಲ್ವಪತ್ರೆಯ ಕುಟುಂಬಕ್ಕೆ ಸೇರಿದ್ದು. ಒಂದು ಎಲೆ ಹರಿದು ಬಿಸಿಲಿಗೆ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಸಣ್ಣ, ಬೆಳಕು ಹಾಯುವ ಚುಕ್ಕೆಗಳು ಕಾಣುತ್ತವೆ. ಅವೇ ಎಣ್ಣೆಯ ಚೀಲಗಳು. ನಿಂಬೆ ಎಲೆಯಲ್ಲೂ ಇವನ್ನು ಕಾಣಬಹುದು. ಎಲೆ ಹೊಸಕಿದಾಗ ಆ ಚೀಲ ಒಡೆಯುತ್ತದೆ, ವಾಸನೆ ಹೊರಬರುತ್ತದೆ.

ಆ ಎಣ್ಣೆ ಒಂದೇ ವಸ್ತು ಅಲ್ಲ, ಹತ್ತಾರು ವಸ್ತುಗಳ ಬೆರಕೆ. ಆಲ್ಫಾ ಪೈನೀನ್ ಅದರಲ್ಲಿ ಒಂದು. ಬಣ್ಣ ಬಳಿಯುವವರು ಬಳಸುವ ಟರ್ಪೆಂಟೈನಿನಲ್ಲಿರುವುದೂ ಇದೇ. ಬೀಟಾ ಕ್ಯಾರಿಯೋಫಿಲೀನ್ ಇನ್ನೊಂದು, ಅದು ಕರಿಮೆಣಸು, ಲವಂಗದಲ್ಲೂ ಉಂಟು. ಕೊತ್ತಂಬರಿ ಬೀಜಕ್ಕೆ ಘಮ ಕೊಡುವ ಲಿನಲೂಲ್ ಇದೆ. ಸ್ಯಾಬಿನೀನ್, ಬೀಟಾ ಫೆಲಾಂಡ್ರೀನ್ ಇವೆ. ಬೇರೆ ಬೇರೆ ಕಡೆಯ ಕರಿಬೇವಿನ ಎಣ್ಣೆ ತೆಗೆದು ಪರೀಕ್ಷೆ ಮಾಡಿದಾಗ ಒಂದರಲ್ಲಿ ಪೈನೀನ್ ಮುಂದಿರುತ್ತದೆ, ಮತ್ತೊಂದರಲ್ಲಿ ಸ್ಯಾಬಿನೀನ್, ಇನ್ನೊಂದರಲ್ಲಿ ಕ್ಯಾರಿಯೋಫಿಲೀನ್. ಜಾತಿ ಒಂದೇ, ಕಣ್ಣಿಗೂ ಒಂದೇ, ಒಳಗಿನ ರಸಾಯನ ಮಾತ್ರ ಬೇರೆ. ಇದಕ್ಕೆ ವಿಜ್ಞಾನದಲ್ಲಿ ಕೀಮೋಟೈಪ್ ಎನ್ನುತ್ತಾರೆ.

ಹೀಗೆ ಯಾಕೆ ಆಗುತ್ತದೆ? ಮನೆಯ ಚಕ್ಕಲಿ ಒರಳನ್ನು ನೆನೆಸಿಕೊಳ್ಳಿ. ಒಳಗೆ ತುಂಬುವುದು ಒಂದೇ ಹಿಟ್ಟು. ಕೆಳಗಿನ ಬಿಲ್ಲೆ ಬದಲಿಸಿದರೆ ಚಕ್ಕಲಿ ಹೋಗಿ ಶೇವು ಬರುತ್ತದೆ. ಗಿಡದಲ್ಲಿ ಹಿಟ್ಟಿನ ಜಾಗದಲ್ಲಿ ಹತ್ತು ಇಂಗಾಲದ ಕಣಗಳಿರುವ ಒಂದು ಮೂಲವಸ್ತು ಇರುತ್ತದೆ. ಬಿಲ್ಲೆಯ ಕೆಲಸ ಮಾಡುವುದು ಕಿಣ್ವ. ಒಂದು ಕಿಣ್ವ ಅದನ್ನು ಮಡಚಿ ಪೈನೀನ್ ಮಾಡುತ್ತದೆ, ಇನ್ನೊಂದು ಸ್ಯಾಬಿನೀನ್. ಕ್ಯಾರಿಯೋಫಿಲೀನಿಗೆ ಹದಿನೈದು ಇಂಗಾಲದ ಬೇರೆ ಮೂಲವಸ್ತು ಬೇಕು. ಯಾವ ಗಿಡದಲ್ಲಿ ಯಾವ ಕಿಣ್ವ ಜೋರು ಎನ್ನುವುದು ವಂಶದಿಂದ ಬರುತ್ತದೆ. ಗೊಬ್ಬರ ಹಾಕಿದರೆ ಹಿಟ್ಟು ಜಾಸ್ತಿ ಆಗಬಹುದು, ಬಿಲ್ಲೆ ಬದಲಾಗುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. 2015ರಲ್ಲಿ ಜರ್ಮನಿಯ ವಿಜ್ಞಾನಿಯೊಬ್ಬರು ತಾಜಾ ಕರಿಬೇವಿನ ವಾಸನೆಯನ್ನು ಬಿಡಿಬಿಡಿಯಾಗಿ ಮೂಸಿ ನೋಡಿ, 1-ಫಿನೈಲ್‌ಈಥೇನ್‌ಥಯಾಲ್ ಎಂಬ ಗಂಧಕದ ವಸ್ತುವನ್ನು ಅದರ ಮುಖ್ಯ ವಾಸನೆ ಎಂದು ಗುರುತಿಸಿದರು. ಪ್ರಮಾಣ ತೀರಾ ಕಡಿಮೆ. ಆದರೆ ಮೂಗಿಗೆ 'ಇದು ಕರಿಬೇವು' ಎಂದು ಹೇಳುವುದರಲ್ಲಿ ಅದರದ್ದೇ ದೊಡ್ಡ ಪಾಲು. ಹಾಗಾಗಿ ಬರೀ ಎಣ್ಣೆಯ ಶೇಕಡಾವಾರು ನೋಡಿ ತಳಿ ಆರಿಸಬಾರದು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಹತ್ತಿರದ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ಎರಡು ತಳಿ ಇವೆ: ಡಿಡಬ್ಲ್ಯೂಡಿ-1 ಮತ್ತು ಡಿಡಬ್ಲ್ಯೂಡಿ-2. ಎಣ್ಣೆಯ ಅಂಶ ಮೊದಲನೆಯದಕ್ಕೆ ಶೇ. 5.22, ಎರಡನೆಯದಕ್ಕೆ ಶೇ. 4.09 ಎಂದು ಕೊಟ್ಟಿದ್ದಾರೆ. ಮೊದಲನೆಯದು ಚಳಿಗೆ ಅಂಜುತ್ತದೆ, ಆ ದಿನಗಳಲ್ಲಿ ಸರಿಯಾಗಿ ಚಿಗುರುವುದಿಲ್ಲ. ಎರಡನೆಯದಕ್ಕೆ ಆ ತೊಂದರೆ ಇಲ್ಲ. ತಮಿಳುನಾಡಿನಲ್ಲಿ ಕೆಂಪು ದಂಟಿನ ಸೆಂಕಾಂಬು ಘಮಕ್ಕೆ ಹೆಸರಾದದ್ದು. ನರ್ಸರಿಯಲ್ಲಿ ಸುಮ್ನೆ 'ಕರಿಬೇವು ಕೊಡಿ' ಅನ್ನಬೇಡಿ. ಯಾವ ತಳಿ, ಬೀಜದ ಸಸಿಯೋ ಬೇರಿನ ಮರಿಯೋ ಕೇಳಿ. ಮಾವಿನ ಸಸಿ ಕೊಳ್ಳುವಾಗ ಆಪೂಸೋ ಮಲ್ಲಿಕಾನೋ ಎಂದು ಕೇಳುವ ನಾವು ಕರಿಬೇವಿಗೆ ಮಾತ್ರ ಕೇಳುವುದೇ ಇಲ್ಲ. ಅವರಿಗೆ ಗೊತ್ತಿಲ್ಲದಿದ್ದರೆ ಒಂದು ಎಲೆ ಹೊಸಕಿ ಮೂಸಿ, ಆಮೇಲೆ ದುಡ್ಡು ಕೊಡಿ.

ಬೀಜ, ಮರಿ ಎಂದು ಯಾಕೆ ಕೇಳಬೇಕು ಅಂದರೆ, ಬೀಜದ ಸಸಿ ತಾಯಿಯ ಹಾಗೇ ಇರುತ್ತದೆ ಎಂಬ ಭರವಸೆ ಇಲ್ಲ. ಬುಡದ ಸುತ್ತ ಬೇರಿನಿಂದ ಏಳುವ ಮರಿ ಹಾಗಲ್ಲ, ಅದು ತಾಯಿಯದೇ ತುಂಡು. ಎಣ್ಣೆಯ ಬೆರಕೆಯನ್ನೂ ತಾಯಿಯಿಂದಲೇ ತರುತ್ತದೆ.

ಆರೈಕೆಗೆ ಬೆಲೆ ಇಲ್ಲ ಎಂದಲ್ಲ. ನೀರು, ಯೂರಿಯಾ ಸುರಿದರೆ ಎಳೆ ಎಲೆಗಳೇ ಬರುತ್ತಿರುತ್ತವೆ. ಬಲಿತ ಎಲೆಯ ವಾಸನೆ ಅವಕ್ಕೆ ಇರುವುದಿಲ್ಲ. ಒಳ್ಳೇ ಬಿಸಿಲು ಬೀಳಲಿ, ಬುಡದಲ್ಲಿ ನೀರು ನಿಲ್ಲದಿರಲಿ. ಅಡುಗೆಯಲ್ಲೂ ಒಂದು ಮಾತು: ಪೈನೀನಿನಂಥ ಹಗುರ ವಸ್ತುಗಳು ಕಾದ ಎಣ್ಣೆಯಿಂದ ಬೇಗ ಹಾರಿಹೋಗುತ್ತವೆ, ಕ್ಯಾರಿಯೋಫಿಲೀನ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಲೆಯನ್ನು ಒಗ್ಗರಣೆಯ ಕೊನೆಗೆ ಹಾಕಿ ಕೂಡಲೇ ಮುಚ್ಚಿ.

ಈಗ ನಿಮ್ಮ ಹಳೇ ಗಿಡದ ವಿಷಯ. ಅಷ್ಟು ಘಮದ ಗಿಡ ಇದ್ದರೆ ಓಣಿಯವರು ಮರಿ ಕಿತ್ತುಕೊಂಡು ಹೋಗದೆ ಇರುತ್ತಿರಲಿಲ್ಲ. ನವನಗರದ ಯಾವುದೋ ಸೆಕ್ಟರಿನಲ್ಲಿ, ಇಲ್ಲವೇ ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕತಂಗಿಯರ ಹಿತ್ತಲಲ್ಲಿ ಅದು ಇರಬಹುದು. ಕೇಳಿ ನೋಡಿ. ಸಿಕ್ಕರೆ ಮಳೆಗಾಲ ಶುರುವಾದ ಮೇಲೆ ಗೇಣುದ್ದದ ಮರಿಯನ್ನು ಅದರದೇ ಬೇರು ಸಮೇತ, ಮಣ್ಣು ಉದುರದಂತೆ ಅಗೆದು ತನ್ನಿ. ಮೊದಲು ಚೀಲದಲ್ಲಿಟ್ಟು ನೆರಳಲ್ಲಿ ಚಿಗುರಿಸಿ, ಆಮೇಲೆ ನೆಲಕ್ಕೆ ಹಚ್ಚಿ.