ಪ್ರೊಮೊತೋರಾ: ಕಾಗದ ಕೇಳದೆ ಬಾಗಿಲು ತಟ್ಟುವವಳು

ಪ್ರೊಮೊತೋರಾ ದೆ ಸಲೂದ್. ಸ್ಪ್ಯಾನಿಷ್‌ನ ಈ ಮಾತನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ 'ಆರೋಗ್ಯ ಪ್ರಚಾರಕಿ' ಅಂತ ಆಗುತ್ತದೆ. ಆದರೆ ಪ್ರಚಾರ ಅಂದ ಕೂಡಲೇ ನಮಗೆ ಮೈಕು ಕಟ್ಟಿಕೊಂಡು ಬರುವ ಜೀಪು ನೆನಪಾಗುತ್ತದೆ, ಅಲ್ವಾ? ಪ್ರೊಮೊತೋರಾ ಹಾಗೆ ಹೊರಗಿನಿಂದ ಬರುವವಳಲ್ಲ. ಅದೇ ಬೀದಿಯವಳು. ಎಷ್ಟೋ ಸಲ ಅದೇ ಹೊಲದಲ್ಲಿ ಬಾಗಿ ದುಡಿದವಳು. ಗಂಡಸಾದರೆ ಪ್ರೊಮೊತೋರ್. ಆದರೆ ಈ ಕೆಲಸದಲ್ಲಿ ಹೆಂಗಸರೇ ಜಾಸ್ತಿ.

ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ಬಳಕೆಗೆ ಬಂದ ಈ ಪದ ಅಮೆರಿಕದ ಹೊಲಗಳಿಗೂ ಬಂತು. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯ ಲೆಟಿಸ್, ಫ್ಲಾರಿಡಾದ ಇಮಾಕಲೀಯ ಟೊಮೆಟೊ, ವಾಷಿಂಗ್ಟನ್ ರಾಜ್ಯದ ಯಾಕಿಮಾದ ಸೇಬು, ಇವನ್ನೆಲ್ಲ ಕೀಳುವ ಕೈಗಳು ಬಹುಪಾಲು ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವು. ಅಲ್ಲಿನ ಕಾರ್ಮಿಕ ಇಲಾಖೆಯ ಸಮೀಕ್ಷೆಯ ಪ್ರಕಾರ ಬೆಳೆ ಕೆಲಸದವರಲ್ಲಿ 10ಕ್ಕೆ ಸುಮಾರು 4 ಮಂದಿಗೆ ಅಲ್ಲಿ ಇರಲು ಕಾನೂನಿನ ಅನುಮತಿ ಇಲ್ಲ. ಅವರು ತಮ್ಮನ್ನು 'ಸಿನ್ ಪಪೇಲೆಸ್' ಅನ್ನುತ್ತಾರೆ, ಕಾಗದ ಇಲ್ಲದವರು. ನಮ್ಮ ಪತ್ರಿಕೆಗಳು ಬರೆಯುವ 'ಅಕ್ರಮ ವಲಸಿಗ'ಕ್ಕಿಂತ ಈ ಮಾತೇ ನನಗೆ ಸರಿ ಅನ್ನಿಸುತ್ತದೆ. ಇಲ್ಲದ್ದು ಕಾಗದ, ಅಷ್ಟೇ.

ಅವರಿಗೆ ಸಹಾಯವೇ ಇಲ್ಲ ಅಂತಲ್ಲ. 1962ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾಯ್ದೆಯಿಂದ ವಲಸೆ ಕೃಷಿ ಕಾರ್ಮಿಕರ ಕ್ಲಿನಿಕ್‌ಗಳಿಗೆ ಸರ್ಕಾರದ ಹಣ ಬರತೊಡಗಿತು. ಅಲ್ಲಿ ಆದಾಯ ನೋಡಿ ಫೀಸು. ಕಾಗದ ಇಲ್ಲ ಅಂತ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗೆ ಇಡುವಂತಿಲ್ಲ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೀವಕ್ಕೆ ಅಪಾಯ ಅಂತ ಬಂದವರನ್ನು ತುರ್ತು ಚಿಕಿತ್ಸೆಯ ವಿಭಾಗ ನೋಡಲೇಬೇಕು ಅನ್ನುವುದು 1986ರ ಕಾನೂನು. ಬಸುರಿ, ಬಾಣಂತಿ, ಪುಟ್ಟ ಮಕ್ಕಳಿಗೆ ಆಹಾರ ಕೊಡುವ ಯೋಜನೆಯೂ ಇದೆ.

ಆದರೆ ಹಳ್ಳಿಗೆ ಬಸ್ಸಿಲ್ಲ. ಕ್ಲಿನಿಕ್ ತೆರೆದಿರುವ ಹೊತ್ತಿನಲ್ಲೇ ಹೊಲದ ಕೆಲಸ. ಕಾರು ಓಡಿಸೋಣ ಅಂದರೆ ಎಷ್ಟೋ ರಾಜ್ಯಗಳಲ್ಲಿ ಕಾಗದ ಇಲ್ಲದವರಿಗೆ ಲೈಸೆನ್ಸ್ ಕೊಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ 'ಲಾ ಮೀಗ್ರಾ'ದ ಭಯ. ವಲಸೆ ಪೊಲೀಸರಿಗೆ ಅವರು ಇಟ್ಟ ಹೆಸರು ಅದು. ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿರುವವರು ಸ್ಯಾನ್ ಆಂಟೋನಿಯೊದ ದೊಡ್ಡ ಆಸ್ಪತ್ರೆಗೆ ಹೊರಟರೆ ದಾರಿಯಲ್ಲೇ ಗಡಿ ಪೊಲೀಸರ ತಪಾಸಣೆ ಕಟ್ಟೆ ದಾಟಬೇಕು. ಮಗುವಿಗೆ ಕಾಯಿಲೆ ಜೋರಾದಾಗ ತಾಯಿ ಆ ಕಟ್ಟೆಯ ಲೆಕ್ಕ ಹಾಕಬೇಕಾಗುತ್ತದೆ ಅಂದರೆ ಹೊಟ್ಟೆ ಉರಿಯುತ್ತದೆ.

ಪ್ರೊಮೊತೋರಾ ಕೆಲಸ ಶುರುವಾಗುವುದು ಇಲ್ಲೇ. ಸಂಜೆ ಕೆಲಸ ಮುಗಿದ ಮೇಲೆ ಕಾರ್ಮಿಕರ ಬಿಡಾರಕ್ಕೆ ಹೋಗುತ್ತಾಳೆ. ಬಟ್ಟೆ ಒಗೆಯುವ ಅಂಗಡಿ, ಚರ್ಚಿನ ಅಂಗಳ, ಭಾನುವಾರದ ಸಂತೆ, ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ. ಅವಳು ಮಾಡುವುದಕ್ಕೆ 'ಪ್ಲಾತಿಕಾ' ಅಂತ ಹೆಸರು. ಹಾಗಂದರೆ ಮಾತುಕತೆ, ಹರಟೆ. ಅಡುಗೆಮನೆಯಲ್ಲಿ ಕೂತು ಸಕ್ಕರೆ ಕಾಯಿಲೆಯ ವಿಷಯ ಬರುತ್ತದೆ. ಬಿಸಿಲಲ್ಲಿ ತಲೆ ಸುತ್ತಿದರೆ ಏನು ಮಾಡಬೇಕು ಅನ್ನುವುದು ಬರುತ್ತದೆ. ಹೊಲದಿಂದ ಬಂದವರು ಬಟ್ಟೆ ಬದಲಿಸಿ, ಮೈ ತೊಳೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಿ, ಕೀಟನಾಶಕ ಬಟ್ಟೆಗೆ ಅಂಟಿರುತ್ತದೆ ಅಂತ ಅವಳು ಹೇಳಿದರೆ ಆ ಮಾತು ನಾಟುತ್ತದೆ. ಅವಳೂ ಹಾಗೆ ಮಗುವನ್ನು ಎತ್ತಿಕೊಂಡ ತಾಯಿ ತಾನೆ? ಕಾಗದ ಇದೆಯಾ ಅಂತ ಮಾತ್ರ ಅವಳು ಕೇಳುವುದಿಲ್ಲ.

ಕೆಲವೊಮ್ಮೆ ಸ್ಪ್ಯಾನಿಷ್ ಕೂಡ ಸಾಲುವುದಿಲ್ಲ. ಮೆಕ್ಸಿಕೊದ ಒಹಾಕಾ ಕಡೆಯಿಂದ ಬಂದ ಎಷ್ಟೋ ಜನರ ಮನೆಮಾತು ಮಿಶ್ತೆಕೊ, ಸಪೊತೆಕೊ ಅಥವಾ ತ್ರಿಕಿ. ಸ್ಪ್ಯಾನಿಷ್ ಬರುವ ನರ್ಸನ್ನು ಇಟ್ಟುಕೊಂಡ ಮಾತ್ರಕ್ಕೆ ಅವರ ಹೊಟ್ಟೆನೋವು ಅರ್ಥವಾಗುವುದಿಲ್ಲ. ಆ ಭಾಷೆಯ ಪ್ರೊಮೊತೋರಾನೇ ಬೇಕು.

ಅವಳು ಕೊಡುವ ಇನ್ನೊಂದು ಎಚ್ಚರಿಕೆ 'ನೊತಾರಿಯೊ' ಬಗ್ಗೆ. ಮೆಕ್ಸಿಕೊದಲ್ಲಿ ನೊತಾರಿಯೊ ಅಂದರೆ ದೊಡ್ಡ ವಕೀಲ. ಅಮೆರಿಕದ ನೋಟರಿ ಮಾತ್ರ ಸುಮ್ನೆ ಸಹಿಗೆ ಸಾಕ್ಷಿ ಹಾಕುವವನು. ಹೆಸರಿನ ಈ ಹೋಲಿಕೆಯನ್ನೇ ಬಂಡವಾಳ ಮಾಡಿಕೊಂಡು, ಕಾಗದ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೀಳುವವರಿದ್ದಾರೆ. ತಪ್ಪು ಅರ್ಜಿ ಹಾಕಿಸಿದರೆ ದುಡ್ಡಷ್ಟೇ ಅಲ್ಲ, ಗಡೀಪಾರೂ ಆಗಬಹುದು. ಹಾಗಾಗಿ ನಿಜವಾದ ವಲಸೆ ವಕೀಲರು ಎಲ್ಲಿ ಸಿಗುತ್ತಾರೆ ಅಂತ ಅವಳೇ ತೋರಿಸುತ್ತಾಳೆ, ಬೇಕಾದರೆ ಜೊತೆಗೂ ಹೋಗುತ್ತಾಳೆ.

ಓದುತ್ತಾ ನಿಮಗೆ ನಮ್ಮ ಆಶಾ ಕಾರ್ಯಕರ್ತೆ ನೆನಪಾಗಿರಬೇಕು. 2005ರಲ್ಲಿ ಆ ಯೋಜನೆ ಬಂದಾಗ ಆಶಾ ಅದೇ ಊರಲ್ಲಿ ನೆಲೆಸಿದ ಹೆಂಗಸೇ ಆಗಿರಬೇಕು ಅಂತ ನಿಯಮ ಇಟ್ಟರು. ಎರಡರ ಬೇರೂ ಒಂದೇ: ನಂಬಿಕೆ. ಸ್ಪ್ಯಾನಿಷ್‌ನಲ್ಲಿ ಅದು 'ಕೊನ್ಫಿಯಾನ್ಸಾ'. ಕಷ್ಟವೂ ಒಂದೇ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಅಮೆರಿಕದಲ್ಲೂ ಎಷ್ಟೋ ಪ್ರೊಮೊತೋರಾಗಳಿಗೆ ಸಿಗುವುದು ಪುಡಿಗಾಸು, ಇಲ್ಲವೇ ಬರೀ ಥ್ಯಾಂಕ್ಸ್. ಆದರೆ ಆಶಾ ಸರ್ಕಾರದ ಗುರುತಿನ ಚೀಟಿ ತೋರಿಸಿ ಮನೆಯೊಳಗೆ ಹೋಗಬಹುದು. ಪ್ರೊಮೊತೋರಾ ಸರ್ಕಾರದ ಚೀಟಿ ತೋರಿಸಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಅದೇ 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಹಳೆಯ ನೀತಿಯೊಂದನ್ನು ತೆಗೆದುಹಾಕಿತು. ಶಾಲೆ, ಆಸ್ಪತ್ರೆ, ಚರ್ಚುಗಳಲ್ಲಿ ವಲಸೆ ಪೊಲೀಸರು ಸಾಮಾನ್ಯವಾಗಿ ಯಾರನ್ನೂ ಹಿಡಿಯಬಾರದು ಅನ್ನುತ್ತಿದ್ದ ನೀತಿ ಅದು. ಕ್ಲಿನಿಕ್‌ಗೆ ಬನ್ನಿ ಅಂತ ಕರೆಯುವುದೇ ಈಗ ಕಷ್ಟ. ಹಾಗಾಗಿ ಬಿ.ಪಿ. ನೋಡುವ ಯಂತ್ರದ ಜೊತೆ ಹಕ್ಕುಗಳನ್ನು ಅಚ್ಚು ಹಾಕಿದ ಅಂಗೈಯಗಲದ ಕೆಂಪು ಕಾರ್ಡುಗಳೂ ಪ್ರೊಮೊತೋರಾಗಳ ಚೀಲ ಸೇರಿವೆ. ಪೊಲೀಸರು ಬಂದರೆ ಬಾಗಿಲು ತೆರೆಯಬೇಡಿ, ಜಡ್ಜ್ ಸಹಿ ಮಾಡಿದ ವಾರಂಟ್ ಇದ್ದರೆ ಬಾಗಿಲ ಕೆಳಗಿನ ಸಂದಿಯಿಂದ ತೂರಿಸಿ ಎನ್ನಿ ಅಂತ ಹೇಳಿಕೊಟ್ಟು, ಅವಳು ಆ ಕಾರ್ಡನ್ನು ಮನೆಯವರ ಕೈಗೆ ಇಡುತ್ತಾಳೆ.